ಜ್ವರ ಗೆದ್ದಾಕಿ

ದೀಪ ಹಚ್ಚುವ ಹೊತ್ತಿಗೆ ನಮ್ಮ ಪಡಸಾಲೆಯ ಗೋಡೆಯ ಮೇಲೆ ನೊಣವೊಂದು ಏರುತ್ತಿತ್ತು. ನಡೆಯುತ್ತಿತ್ತು ಎನ್ನಲಾಗದು, ಹಾರುತ್ತಿತ್ತು ಎನ್ನಲೂ ಆಗದು. ಚೂರು ಕುಪ್ಪಳಿಸಿ ನಿಲ್ಲುವುದು, ಮತ್ತೆ ಚೂರು ಕುಪ್ಪಳಿಸುವುದು. ಎಳ್ಳುಕಾಳಿಗಿಂತ ದೊಡ್ಡದಲ್ಲ, ಮಣ್ಣಿನದೇ ಬಣ್ಣ. ಕೂತಾಗಲೂ ರೆಕ್ಕೆ ಮಡಚದೆ ಎತ್ತಿಕೊಂಡೇ ಇರುತ್ತಿತ್ತು. ಸೊಳ್ಳೆಯಾದರೆ ಕಿವಿಯ ಹತ್ತಿರ ಬಂದು ಹೇಳಿ ಕಚ್ಚುತ್ತದೆ, ಅಷ್ಟು ಮರ್ಯಾದೆ ಅದಕ್ಕಿದೆ. ಇದಕ್ಕೆ ಸದ್ದೆಂಬುದೇ ಇಲ್ಲ. ಮದುವೆಯಾಗಿ ಆ ಮನೆ ಹೊಕ್ಕಂದಿನಿಂದ ಸಂಜೆ ಸಂಜೆ ಅದನ್ನು ನೋಡಿದ್ದೆ, ಸೆರಗಿನ ತುದಿಯಿಂದ ಒರೆಸಿ ಹಾಕಿ ಒಲೆ ಮುಂದೆ ಹೋಗಿ ಕೂತಿದ್ದೆ.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯವರು ಇವತ್ತಿಗೂ ಜಗಳಕ್ಕೆ ಬಂದಾರು. ಎರೆಮಣ್ಣಿನ ಸೀಮೆ, ದಪ್ಪ ಮಣ್ಣಿನ ಗೋಡೆಯ ಮಾಳಿಗೆ ಮನೆಗಳು. ತಲೆಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಅದಕ್ಕೆ ಹೊಂದಿಕೊಂಡು ಮೊಳದೆತ್ತರದ ಪಡಸಾಲೆ. ದನ ಕೆಳಗೆ, ನಾವು ಮೇಲೆ, ನಡುವೆ ಗೋಡೆಯಿಲ್ಲ. ಎಮ್ಮೆಯ ಉಸಿರು ಕೇಳದಿದ್ದರೆ ನನ್ನ ಅತ್ತೆಗೆ ನಿದ್ದೆ ಹತ್ತುತ್ತಿರಲಿಲ್ಲ. ನೆಲವನ್ನೂ ಗೋಡೆಯನ್ನೂ ಸೆಗಣಿಯಿಂದ ಸಾರಿಸುತ್ತಿದ್ದೆವು. ಗೋಡೆಯ ಬುಡ ಯಾವಾಗಲೂ ತಂಪಾಗಿ, ತುಸು ಒದ್ದೆಯಾಗಿ ಇರುತ್ತಿತ್ತು, ಬೇಸಿಗೆಯಲ್ಲಿ ಅದಕ್ಕೇ ಬೆನ್ನು ಕೊಟ್ಟು ಮಲಗುತ್ತಿದ್ದೆವು.

ಆ ಊರಲ್ಲಿ ಕರಿಜ್ವರ ಮನೆ ಮಾಡಿತ್ತು. ಸಂಜೆಗೆ ಏರುವುದು, ಬೆಳಿಗ್ಗೆ ಇಳಿಯುವುದು, ತಿಂಗಳುಗಟ್ಟಲೆ ಬಿಡದು. ಮಗುವಿನ ಕೈಕಾಲು ಕಡ್ಡಿಯಾಗಿ, ಹೊಟ್ಟೆಯ ಎಡಪಕ್ಕ ಗಟ್ಟಿ ಕಟ್ಟಿ, ಮುಖ ಕಪ್ಪಿಡುತ್ತಿತ್ತು. ದೂರದ ಆಸ್ಪತ್ರೆಗೆ ಒಯ್ದು ಸೂಜಿ ಮಾಡಿಸಿದರೆ ಉಳಿಯುತ್ತಿದ್ದವು. ತಡ ಮಾಡಿದವರು ಅತ್ತುಕೊಂಡು ಬರಿಗೈಲಿ ಬರುತ್ತಿದ್ದರು.

ಒಮ್ಮೆ ಈ ಜ್ವರ ಬಂದು ಬದುಕಿದವರಿಗೆ ಮತ್ತೆ ಬರುವುದಿಲ್ಲ ಎಂಬುದನ್ನು ನಮ್ಮ ಹಿರಿಯರು ಯಾವ ಕಾಲದಲ್ಲೋ ಕಂಡುಕೊಂಡಿದ್ದರು. ಅದು ಹೆಚ್ಚುಕಡಿಮೆ ನಿಜವೇ ಆಗಿತ್ತು. ಆ ನಿಜದ ಮೇಲೆ ಒಂದು ಪದ್ಧತಿ ಬೆಳೆದಿತ್ತು. ಮನೆಯಲ್ಲಿ ಮಗುವಿಗೆ ಜ್ವರ ಬಂದರೆ, ಜ್ವರ ಗೆದ್ದ ಹೆಂಗಸನ್ನು ಕರೆತರಬೇಕು. ಅವಳು ಮಗುವಿನ ಪಕ್ಕದಲ್ಲೇ ಮಲಗಿ, ಅದಕ್ಕೆ ಗಂಜಿ ಕುಡಿಸಿ, ಮೈ ಒರೆಸಿ, ಅದು ಏಳುವ ತನಕ ಇರಬೇಕು. ಅಷ್ಟೇ ಅಲ್ಲ. ಮನೆಯ ಉಳಿದ ಮಕ್ಕಳನ್ನೂ ಅವಳ ಕೌದಿಯೊಳಗೆ ಮಲಗಿಸಬೇಕು. ಅವಳ ಗೆಲುವು ಅವಕ್ಕೂ ಅಂಟುತ್ತದೆ ಎಂದು. ಆ ಹೆಂಗಸನ್ನು "ಗೆದ್ದಾಕಿ" ಎನ್ನುತ್ತಿದ್ದರು. ನಮ್ಮ ಓಣಿಯ ಗೆದ್ದಾಕಿ ನಿಂಬೆವ್ವ.

ನಿಂಬೆವ್ವ ಗಂಡ ಮಕ್ಕಳಿಲ್ಲದ ಹೆಂಗಸು, ಓಣಿಯ ಕೊನೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಹರೆಯದಲ್ಲಿ ಜ್ವರ ಬಂದು, ಅರ್ಧಂಬರ್ಧ ಸೂಜಿ ಮಾಡಿಸಿಕೊಂಡು, ಹೇಗೋ ಬದುಕಿ ಬಂದವಳು. ಆಮೇಲೆ ಕೆಲವು ವರ್ಷಕ್ಕೆ ಅವಳ ಮುಖದ ಮೇಲೆ, ಕುತ್ತಿಗೆಯ ಮೇಲೆ, ತೋಳಿನ ಮೇಲೆ ಬಿಳಿಚಿದ ಮಚ್ಚೆಗಳು ಬಿದ್ದವು. ಬೇರೆ ಊರಾಗಿದ್ದರೆ ತೊನ್ನು ಎಂದು ಮೂಗು ಮುರಿಯುತ್ತಿದ್ದರು. ನಮ್ಮಲ್ಲಿ ಅದಕ್ಕೆ ಮರ್ಯಾದೆಯಿತ್ತು. ಜ್ವರ ಮೈಯಿಂದ ಹೊರಬಿದ್ದು ಹೋದ ಗುರುತು ಅದು, ಮಚ್ಚೆ ಹೆಚ್ಚಿದಷ್ಟೂ ಗೆಲುವು ದೊಡ್ಡದು ಎಂದು ಜನ ನಂಬಿದ್ದರು. ತಾಯಂದಿರು ಮಚ್ಚೆ ನೋಡಿಯೇ ಅವಳನ್ನು ಕರೆಯಲು ಬರುತ್ತಿದ್ದರು.

"ನನ್ನ ಮಾರಿ ನೋಡಿ ಮದುವಿ ಆಗವ್ರು ಸಿಗಲಿಲ್ಲ, ಮಕ್ಕಳನ್ನ ಕೊಡವ್ರು ಓಣಿ ತುಂಬ ಸಿಕ್ಕಾರ ನೋಡ ತಂಗಿ" ಎಂದು ಅವಳೇ ನಗುತ್ತಿದ್ದಳು. ಮದುವೆಯಾಗಿದ್ದ ಗಂಡ ಎಂದೋ ತೀರಿಹೋಗಿದ್ದ. ಆ ಲೆಕ್ಕ ಅವಳ ನಗೆಯಲ್ಲಿ ಬರುತ್ತಿರಲಿಲ್ಲ.

ನನ್ನ ಹಿರಿಮಗನಿಗೆ ಜ್ವರ ಬಂದಾಗ ಆಸ್ಪತ್ರೆಯ ಹಾದಿಯುದ್ದಕ್ಕೂ ಚಕ್ಕಡಿಯಲ್ಲಿ ಅವನನ್ನು ಮಡಿಲಲ್ಲಿಟ್ಟುಕೊಂಡು ಬಂದವಳು ನಿಂಬೆವ್ವ. ನಾನು ಅತ್ತು ಅತ್ತು ಕೆಲಸಕ್ಕೆ ಬಾರದವಳಾಗಿದ್ದೆ. ಗಂಜಿಯ ತಿಳಿಯಲ್ಲಿ ಬೆರಳು ಅದ್ದಿ ಅದ್ದಿ ಅವನ ಬಾಯಿಗೆ ಇಟ್ಟವಳು ಅವಳೇ. ಅವನು ಉಳಿದ. ಆದ್ದರಿಂದ ಅವಳ ಬಗ್ಗೆ ನಾನು ನ್ಯಾಯವಾಗಿ ಮಾತಾಡಬಲ್ಲೆ ಎಂದು ಯಾರೂ ತಿಳಿಯಬಾರದು. ಅವಳೆಂದರೆ ನನಗೆ ಪ್ರಾಣ.

ಮಗನ ನಂತರ ಹುಟ್ಟಿದವಳು ಕಾಶಿ. ನಡೆಯಲು ಕಲಿತದ್ದೇ ತಡ, ದಿನಾ ಸಂಜೆ ನಿಂಬೆವ್ವನ ಮನೆಗೆ ಓಡುತ್ತಿದ್ದಳು. ಅವಳ ತೊಡೆಯ ಮೇಲೆ ತಲೆಯಿಟ್ಟು ಕತೆ ಕೇಳುತ್ತಾ ಅಲ್ಲೇ ಗೋಡೆ ಪಕ್ಕದಲ್ಲಿ ನಿದ್ದೆ ಹೋಗುವಳು. ಊಟದ ಹೊತ್ತಿಗೆ ನಾನು ಹೋಗಿ ಎತ್ತಿಕೊಂಡು ಬರುತ್ತಿದ್ದೆ.

ಆ ವರ್ಷ ಮಂದಾಕಿನಿ ಎಂಬ ಹೆಣ್ಣುಮಗಳು ನಮ್ಮೂರಿಗೆ ಬಂದಳು. ಸರಕಾರದಿಂದ ಬಂದವಳು, ಕೀಟಗಳನ್ನು ಹಿಡಿದು ಪರೀಕ್ಷೆ ಮಾಡುವವಳು. ದಕ್ಷಿಣದ ಕಡೆಯ ಮಾತು. ಇಳಿದುಕೊಳ್ಳಲು ಬೇರೆ ಜಾಗವಿಲ್ಲದೆ ನಮ್ಮ ಮನೆಯಲ್ಲೇ ಉಳಿದಳು, ಪಡಸಾಲೆಯ ಒಂದು ಮೂಲೆಯಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡಳು. ಗಾಜಿನ ಕೊಳವೆಗೆ ರಬ್ಬರಿನ ನಳಿಕೆ ಸಿಕ್ಕಿಸಿ, ಅದನ್ನು ಬಾಯಲ್ಲಿಟ್ಟುಕೊಂಡು, ಕೈಯಲ್ಲಿ ಬ್ಯಾಟರಿ ಹಿಡಿದು ಬೆಳಗಿನ ಹೊತ್ತು ಮನೆಮನೆಗೆ ಹೋಗಿ ಗೋಡೆಯ ಮೇಲಿನ ನೊಣವನ್ನು ಸುರ್ರೆಂದು ಒಳಗೆಳೆದುಕೊಳ್ಳುವಳು. ಎರಡೇ ದಿನಕ್ಕೆ ಜನ ಅವಳನ್ನು "ಹುಳದಕ್ಕೋರು" ಎಂದು ಕರೆಯತೊಡಗಿದರು.

ಓಣಿಯ ಹಿರಿಯ ರಾಚಪ್ಪನಿಗೆ ಅವಳನ್ನು ಕೆಣಕದಿದ್ದರೆ ತಿಂದ ರೊಟ್ಟಿ ಅರಗುತ್ತಿರಲಿಲ್ಲ. "ಗುಂಗಾಡಿ ಹಿಡಿಯಾಕ ಸರಕಾರ ಪಗಾರ ಕೊಡತೈತೇನ್ರಿ ಅಕ್ಕೋರ?"

"ಕೊಡುತ್ತೆ ರಾಚಪ್ಪನವರೇ. ಹೆಣ್ಣು ನೊಣ ಹಿಡಿದರೆ ಭತ್ಯೆ ಬೇರೆ" ಎಂದಳು ಅವಳು. "ಕಚ್ಚೋದು ಹೆಣ್ಣೇ."

"ಅದಕೇನು, ನಮ್ಮ ಮನ್ಯಾಗೂ ಹಂಗ ಐತಿ" ಎಂದು ರಾಚಪ್ಪ ತನ್ನ ಹೆಂಡತಿಯ ಕಡೆ ನೋಡಿ ಬೈಸಿಕೊಂಡ.

ಅದರ ಹೆಸರು ಮರಳು ನೊಣ ಎಂದಾಗಲೂ ಜನ ನಕ್ಕರು. ಎರೆಹೊಲದ ಊರಲ್ಲಿ ಮರಳೆಲ್ಲಿಂದ ಬಂತು? ಅದಿರುವುದು ಮರಳಲ್ಲಲ್ಲ, ಬಣ್ಣವಷ್ಟೇ ಮರಳಿನದು ಎಂದು ಅವಳು ವಿವರಿಸಿದಳು. ಗೋಡೆಯ ಬಿರುಕಿನಲ್ಲಿ, ದನಕ್ಕೆ ಮೇವು ಹಾಕುವ ಗ್ವಾದಲಿಯ ಸಂದಿಯಲ್ಲಿ, ಸೆಗಣಿ ಬೆರೆತ ತೇವದ ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ. ಮರಿಗೆ ಆ ಮಣ್ಣೇ ಊಟ. ದೊಡ್ಡದಾದ ಮೇಲೂ ದೂರ ಹೋಗಲಾರದು, ಗಾಳಿ ಬೀಸಿದರೆ ಮುದುರಿ ಕೂರುತ್ತದೆ, ನೆಲಕ್ಕೆ ಹತ್ತಿರ ಮಲಗಿದವರನ್ನೇ ಹುಡುಕುತ್ತದೆ. ಮಾಳಿಗೆಯ ಮೇಲೆ ಗಾಳಿಗೆ ಮಲಗುವ ಗಂಡಸರಿಗೆ ಜ್ವರ ಕಡಿಮೆ, ಕೆಳಗೆ ಮಲಗುವ ಹೆಂಗಸರು ಮಕ್ಕಳಿಗೆ ಹೆಚ್ಚು ಎಂಬುದು ನಮಗೆ ಆಗ ಹೊಳೆಯಿತು. ಅಷ್ಟು ದಿನ ಅದನ್ನು ದೇವರ ಅನ್ಯಾಯ ಎಂದುಕೊಂಡಿದ್ದೆವು.

ಅವಳು ಹೇಳಿದ್ದು ಬಿರುಕು ಮುಚ್ಚಿ, ಕಸ ತೆಗೆಯಿರಿ ಎಂದು. ಹಿರಿಯರು ಕೇಳಿಸಿಕೊಂಡದ್ದು ದನ ಇರುವಲ್ಲಿ ನೊಣ ಇದೆ ಎಂಬ ಅರ್ಧವನ್ನು. ಅವಳು ಸಾಮಾನು ತರಲು ಜಿಲ್ಲೆಯ ಊರಿಗೆ ಹೋಗಿದ್ದಾಗ ರಾಚಪ್ಪ ಊರಬಾಗಿಲ ಅಗಸಿಯ ಕಟ್ಟೆಯ ಮೇಲೆ ಮಂದಿ ಸೇರಿಸಿ, ದನವನ್ನೆಲ್ಲ ಊರ ಹೊರಗಿನ ದೊಡ್ಡಿಗೆ ಹೊಡೆಸಿಬಿಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ನಮ್ಮಲ್ಲಿ ಮನುಷ್ಯರಿಗೆ ಜ್ವರ ಬಂದು ಎತ್ತು ಎಮ್ಮೆ ಎರಡಕ್ಕೂ ಬರೆ ಬಿತ್ತು. ನಮ್ಮತ್ತೆ ಖಾಲಿ ಗ್ವಾದಲಿಯ ಮುಂದೆ ಕೂತು ಊಟ ಬಿಟ್ಟಳು.

ದನ ಹೋದ ಮೇಲೆ ಸಂಜೆಗಳಲ್ಲಿ ಕಾಲು, ಕೈ, ಕಿವಿಯ ಅಂಚು ಚುರುಚುರು ಅನ್ನತೊಡಗಿದವು. ಗೋಡೆಯ ಮೇಲೆ ಒಂದಿದ್ದಲ್ಲಿ ಗುಂಪು ಕುಪ್ಪಳಿಸುತ್ತಿತ್ತು. ಮಂದಾಕಿನಿ ವಾಪಸು ಬಂದು ದನದ ಜಾಗ ಖಾಲಿಯಿರುವುದನ್ನು ಕಂಡು ತಲೆ ಮೇಲೆ ಕೈ ಹೊತ್ತಳು.

"ಯಾರ್ರೀ ನಿಮಗೆ ದನ ಓಡಿಸಿ ಅಂದಿದ್ದು? ಆ ನೊಣಕ್ಕೆ ಎಮ್ಮೆ ರಕ್ತ ಅಂದ್ರೆ ಆಸೆ. ಹೊಟ್ಟೆ ತುಂಬಿದ ನೊಣ ಹಿಡಿದು ಪರೀಕ್ಷೆಗೆ ಕಳಿಸಿದ್ದೆ, ಬಹಳಷ್ಟು ದನದ ರಕ್ತಾನೇ. ದನಕ್ಕೆ ಈ ಜ್ವರ ಬರಲ್ಲ, ಅದರಿಂದ ಬೇರೆಯವರಿಗೆ ಹೋಗೋದೂ ಇಲ್ಲ. ನೊಣ ಹೆಚ್ಚಿಸಿದ್ದು ಕೊಟ್ಟಿಗೆ, ಸರಿ. ಆದರೆ ನಿಮ್ಮ ಪಾಲಿನ ಕಡಿತಾನ ಇಷ್ಟು ದಿನ ತಿಂದಿದ್ದೂ ಆ ಎಮ್ಮೇನೇ."

ದನ ತಿರುಗಿ ಮನೆಗೆ ಬಂದವು. ಆ ಮಳೆಗಾಲ ಮುಗಿಯುವುದರೊಳಗೆ ಕಾಶಿಗೆ ಜ್ವರ ಬಂತು. ಇದು ಈಚೆಗಿನ ಕಡಿತದ ಜ್ವರವಲ್ಲ, ಮೈಯೊಳಗೆ ಹೊಕ್ಕು ಆಗಲೇ ಕೆಲವು ತಿಂಗಳಾಗಿರಬೇಕು ಎಂದಳು ಮಂದಾಕಿನಿ. ಯಾವಾಗಿನದಾದರೇನು, ನನ್ನ ಮಗಳ ಹೊಟ್ಟೆಯ ಎಡಪಕ್ಕವೂ ಗಟ್ಟಿ ಕಟ್ಟಿತ್ತು. ಪುಣ್ಯಕ್ಕೆ ಮಂದಾಕಿನಿ ಓಡಾಡಿ ಸೂಜಿ ಮಾಡುವವರನ್ನು ಊರ ಚಾವಡಿಗೇ ಕರೆಸಿದಳು. ನಿಂಬೆವ್ವ ಹೇಳಿ ಕಳಿಸದೆಯೇ ಕೌದಿ ಹೆಗಲ ಮೇಲೆ ಹಾಕಿಕೊಂಡು ಬಂದಳು.

"ಬಿಡ ತಂಗಿ, ಅಳಬ್ಯಾಡ. ಇದರ ಅಣ್ಣನ್ನ ಎಬ್ಬಿಸಿಲ್ಲೇನು? ಇದನ್ನೂ ಎಬ್ಬಸ್ತೀನಿ" ಎಂದು ಕಾಶಿಯನ್ನು ತನ್ನ ಕೌದಿಯೊಳಗೆ ಎಳೆದುಕೊಂಡಳು. ಕಾಶಿ ಅವಳ ಕುತ್ತಿಗೆಯ ಮಚ್ಚೆಗಳ ಮೇಲೆ ಬೆರಳಾಡಿಸುತ್ತಾ ಮಲಗಿದಳು. ನನಗೆ ಎದೆಯ ಭಾರ ಅರ್ಧ ಇಳಿದಂತಾಯಿತು.

ಒಂದು ಬೆಳಿಗ್ಗೆ ಮಂದಾಕಿನಿ ಸೂಕ್ಷ್ಮದರ್ಶಕದ ಮುಂದೆ ಬಹಳ ಹೊತ್ತು ಕೂತಿದ್ದಳು. ಹಾಲು ತಣ್ಣಗಾಯಿತು. ಕೊನೆಗೆ ನನ್ನನ್ನು ಕರೆದು ನೋಡು ಎಂದಳು. ಕಣ್ಣಿಟ್ಟರೆ ಬೆಳಕಿನಲ್ಲಿ ಕೂದಲೆಳೆಯಂಥ ಬಾಲ ಬಡಿಯುತ್ತಾ ಕೆಲವು ಜೀವಿಗಳು ಒದ್ದಾಡುತ್ತಿದ್ದವು.

"ಇದೇ ಜ್ವರ" ಎಂದಳು. "ನೊಣದ ಹೊಟ್ಟೆಯಿಂದ ತೆಗೆದಿದ್ದು. ಇಷ್ಟು ದಿನ ನೂರಾರು ನೊಣ ಬಿಡಿಸಿ ನೋಡಿದೆ, ಸಿಕ್ಕಿರಲಿಲ್ಲ. ಈ ನೊಣ ಹಿಡಿದದ್ದು ಓಣಿ ಕೊನೆ ಮನೇಲಿ."

"ನಿಂಬೆವ್ವಕ್ಕನ ಮನ್ಯಾಗ? ಅಲ್ಲಿ ಜ್ವರದವ್ರು ಯಾರದಾರ?"

"ಅದನ್ನೇ ನಾನೂ ಕೇಳ್ಕೊಳ್ತಾ ಇದ್ದೀನಿ" ಎಂದಳು. "ಈ ನೊಣ ತಾನಾಗೇ ಜ್ವರ ಹುಟ್ಟಿಸಲ್ಲ. ಜ್ವರ ಇರೋ ಮನುಷ್ಯರನ್ನ ಕಚ್ಚಿ ತಗೊಂಡು, ಇನ್ನೊಬ್ಬರಿಗೆ ಕೊಡುತ್ತೆ. ಒಂದು ಮನೆಯಿಂದ ಹತ್ತು ಮನೆ ಆಚೆ ಹಾರೋ ತಾಕತ್ತೂ ಇಲ್ಲ ಇದಕ್ಕೆ. ಆ ಮನೇಲಿರೋದು ಒಬ್ಬರೇ."

ಅವಳು ಮೆಲ್ಲಗೆ ಮುಂದುವರಿಸಿದಳು. ಈ ಜ್ವರ ವಾಸಿಯಾದ ಕೆಲವರಲ್ಲಿ ವರ್ಷಗಳ ಮೇಲೆ ಚರ್ಮಕ್ಕೆ ಬರುತ್ತದೆ. ಮಚ್ಚೆಯಾಗಿ ಕೂರುತ್ತದೆ. ನೋವಿಲ್ಲ, ತುರಿಕೆಯಿಲ್ಲ, ಮೈ ಬಿಸಿಯಿಲ್ಲ. ಆ ಮಚ್ಚೆಯ ಮೇಲೆ ಕೂತು ಕಚ್ಚಿದ ನೊಣ, ಅದೇ ಕೌದಿಯೊಳಗಿನ ಮಗುವನ್ನು ಕೆಲವು ದಿನ ಕಳೆದು ಕಚ್ಚಿದರೆ ಸಾಕು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ನಿಮ್ಮ ನೊಣ ಸುಳ್ಳ ಹೇಳತೈತಿ ಅಕ್ಕೋರ" ಎಂದೆ. "ಆಕಿ ನನ್ನ ಮಗನ ಜೀವ ಉಳಿಸ್ಯಾಳ. ಆಕಿ ಮ್ಯಾಲ ಇಂಥಾ ಮಾತ ಆಡಿದ್ರ ನಾಲಿಗಿಗೆ ಹುಳ ಬೀಳತಾವ."

"ಉಳಿಸಿದಾರೆ, ಅದೂ ನಿಜ" ಎಂದಳು. ಅವಳು ಸಿಟ್ಟಾಗಲಿಲ್ಲ. ಆಗಿದ್ದರೆ ನನಗೆ ಸುಲಭವಾಗುತ್ತಿತ್ತು. "ಅವರ ತಪ್ಪು ಏನೂ ಇಲ್ಲ. ಚರ್ಮದ ಚೂರು ತೆಗೆದು ಪರೀಕ್ಷೆ ಮಾಡಬೇಕು. ಅದರಲ್ಲಿ ಈ ಜೀವಿ ಇಲ್ಲದಿದ್ದರೆ ನಾನೇ ಊರೆದುರು ತಲೆ ಬಗ್ಗಿಸ್ತೀನಿ. ಇದ್ದರೆ ಔಷಧಿ ಇದೆ, ತಿಂಗಳುಗಟ್ಟಲೆ ತಗೋಬೇಕು. ನಾನು ಕರೆದರೆ ಅವರು ನಕ್ಕುಬಿಡ್ತಾರೆ. ನೀವು ಬನ್ನಿ ನನ್ನ ಜೊತೆ."

ನಿಂಬೆವ್ವ ನಿಜವಾಗಿಯೂ ನಕ್ಕಳು. ಗಲ್ಲ ಮುಂದೆ ಮಾಡಿ, "ತಗೋರಿ ಅಕ್ಕೋರ, ತುಸು ದೊಡ್ಡ ತುಂಡ ತಗೋರಿ, ಭಾಳ ಅದಾವ" ಎಂದಳು. ಚಾವಡಿಗೆ ಬಂದಿದ್ದ ಡಾಕ್ಟರು ಚೂರು ಚರ್ಮ ತೆಗೆದರು. ಫಲಿತಾಂಶ ಬಂದ ದಿನ ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಂದಾಕಿನಿ ಅವಳೆದುರು ನೆಲದ ಮೇಲೆ ಕೂತು, ಇದೆ ಎಂದಳು.

"ಜ್ವರ ನನ್ನ ಬಿಟ್ಟು ಯಾವ ಕಾಲ ಆತ್ರಿ" ಎಂದಳು ನಿಂಬೆವ್ವ, ಮೊರ ಕೆಳಗಿಡದೆ.

"ನಿಮ್ಮನ್ನ ಬಿಟ್ಟಿದೆ. ನಿಮ್ಮ ಚರ್ಮ ಬಿಟ್ಟಿಲ್ಲ. ನಿಮಗೇನೂ ಮಾಡದೆ ಕೂತಿದೆ. ನೊಣ ಬಂದಾಗ ಅದರ ಜೊತೆ ಹೋಗುತ್ತೆ."

ನಿಂಬೆವ್ವ ಒಂದಿಷ್ಟು ಹೊತ್ತು ಜೋಳ ಕೇರಿದಳು. ಆಮೇಲೆ ಮೊರ ಕೆಳಗಿಟ್ಟು ನನ್ನನ್ನು ನೋಡಿದಳು. ಮಂದಾಕಿನಿಯನ್ನಲ್ಲ, ನನ್ನನ್ನು.

"ಗಾಣಿಗೇರ ತಂಗೆವ್ವನ ದೊಡ್ಡ ಮಗಳಿಗೆ ಜ್ವರ ಬಂದಾಗ ನಾ ಹೋಗಿದ್ದೆ. ಆಕಿ ಎದ್ದಳು. ಸಣ್ಣಾಕಿ ಸಾವಂತ್ರಿಗೆ ಅವಾಗ ಏನೂ ಇರಲಿಲ್ಲ, ಗುಂಡಕಲ್ಲಾಗಿದ್ಲು. ಗೆದ್ದಾಕಿ ಬಂದಾಳ, ನೀನೂ ಮಲಕೋ ಹೋಗು ಅಂತ ತಂಗೆವ್ವ ಆಕಿನ್ನ ನನ್ನ ಕೌದಿಯೊಳಗ ಬಿಟ್ಲು. ನನ್ನ ತೋಳಿನ ಮ್ಯಾಲ ಮಲಗತಿದ್ಲು, ಕಾಲು ನನ್ನ ಮೈಮ್ಯಾಲ ಹಾಕಿ." ಅವಳ ದನಿ ಸಣ್ಣದಾಯಿತು. "ಮರು ವರ್ಷ ಆಕಿ ಸತ್ತಳು. ಅದು ನನ್ನಿಂದ ಏನ್ರಿ ಅಕ್ಕೋರ?"

ಮಂದಾಕಿನಿ ನಡುವೆ ಇದ್ದ ಮೊರವನ್ನು ಪಕ್ಕಕ್ಕೆ ಸರಿಸಿ ಹತ್ತಿರ ಜರುಗಿದಳು. "ಹೇಳಕ್ಕಾಗಲ್ಲಮ್ಮ. ಅಕ್ಕನಿಂದಲೂ ಬಂದಿರಬಹುದು, ಪಕ್ಕದ ಮನೆಯವರಿಂದಲೂ ಬಂದಿರಬಹುದು. ಯಾವ ನೊಣ ಯಾರಿಂದ ಯಾರಿಗೆ ಒಯ್ತು ಅಂತ ಯಾರಿಗೂ ಗೊತ್ತಾಗಲ್ಲ."

ಅಡ್ಡಗೋಡೆಯ ಮೇಲೆ ದೀಪವಿಟ್ಟ ಮಾತು ಎಂದು ನನಗೆ ಅವಳ ಮೇಲೆ ಮತ್ತೆ ಸಿಟ್ಟು ಬಂತು. ಹೌದು ಎಂದಿದ್ದರೆ ನಿಂಬೆವ್ವ ಎದೆ ಬಡಿದುಕೊಂಡು ಅಳುತ್ತಿದ್ದಳು, ಅಲ್ಲ ಎಂದಿದ್ದರೆ ಎದ್ದು ಕೆಲಸಕ್ಕೆ ಹೋಗುತ್ತಿದ್ದಳು. ಗೊತ್ತಿಲ್ಲ ಎನ್ನುವುದನ್ನು ಏನು ಮಾಡುವುದು? ಈಗ ಯೋಚಿಸಿದರೆ, ಮಂದಾಕಿನಿಯ ಹತ್ತಿರ ಇದ್ದ ನಿಜ ಅಷ್ಟೇ. ಅದಕ್ಕೆ ತುಪ್ಪ ಸವರಿ ಕೊಡಲು ಅವಳಿಗೆ ಬರಲಿಲ್ಲ.

ನಾನು ಒಂದೇ ಮಾತು ಹೇಳಿದೆ. "ಅಕ್ಕಾ, ಇದು ನಮ್ಮ ಮೂವರೊಳಗ ಇರಲಿ. ಔಷಧ ತಗೋ. ಮಂದಿಗೆ ಗೊತ್ತಾದ್ರ ನಿನ್ನ ಊರಾಗ ಇರಾಕ ಬಿಡೂದಿಲ್ಲ."

ನಿಂಬೆವ್ವ ಎದ್ದು ಸೀರೆ ಕೊಡವಿಕೊಂಡಳು. "ಹೇಳದಿದ್ರ ನಾಳಿ ಯಾವಾಕಿನಾರ ಕರಿಯಾಕ ಬರತಾಳ. ಆಕಿಗೆ ಏನಂತ ಹೇಳ್ಲಿ? ತಲಿ ನೋವಂತ ಹೇಳ್ಲಿ?"

ಅವಳು ಮೊದಲು ಹೋದದ್ದು ತಂಗೆವ್ವನ ಮನೆಗೆ. ಏನು ಹೇಳಿದಳು ಎಂದು ನಾನು ಕೇಳಿಸಿಕೊಳ್ಳಲಿಲ್ಲ, ಓಣಿಯಲ್ಲೇ ನಿಂತಿದ್ದೆ. ಒಳಗೆ ಗಾಣದ ಸದ್ದು ನಿಂತಿತು, ಬಹಳ ಹೊತ್ತು ನಿಂತೇ ಇತ್ತು. ಆಮೇಲೆ ಸಂಜೆ ಅಗಸಿಯ ಕಟ್ಟೆಗೆ ಬಂದು, ಗಂಡಸರ ಮುಂದೆ ಎಂದೂ ತಲೆಯ ಮೇಲಿನ ಸೆರಗು ಸರಿಸದವಳು ಅವತ್ತು ಸರಿಸಿ, ಮುಖ ತೋರಿಸಿ ಎಲ್ಲವನ್ನೂ ಹೇಳಿದಳು.

ಜನ ಕಲ್ಲು ಹೊಡೆದಾರು ಎಂದು ನಾನು ಹೆದರಿದ್ದೆ. ಅದಕ್ಕೆ ನನ್ನ ಗಂಡನನ್ನೂ ಮೈದುನನನ್ನೂ ಕರೆದುಕೊಂಡು ಹೋಗಿದ್ದೆ. ಅದೇನೂ ಆಗಲಿಲ್ಲ. ಆದದ್ದು ಅದಕ್ಕಿಂತ ಕಷ್ಟದ್ದು. ಯಾರೂ ನಂಬಲಿಲ್ಲ.

"ದನ ಹೊರಗ ಹಾಕಿ ಒಮ್ಮೆ ಮಂಗ್ಯಾ ಆಗೀವಿ" ಎಂದ ರಾಚಪ್ಪ. "ಹುಳದ ಮಾತ ಕೇಳಿ ಈಗ ಗೆದ್ದಾಕಿನ್ನ ಹೊರಗ ಹಾಕಬೇಕೇನು? ನಿಂಬೆವ್ವಾ, ನೀ ಮನಿಗೆ ಹೋಗವ್ವ. ನಮಗ ನೀ ಬೇಕು."

ಅಜ್ಜಿಯರು ಬಂದು ಅವಳ ಗಲ್ಲ ನೇವರಿಸಿ ಲಟಿಕೆ ಮುರಿದರು. ಒಬ್ಬಳು ಮೊಮ್ಮಗುವನ್ನು ಅವಳ ತೊಡೆಯ ಮೇಲೆ ಇಡಲು ಬಂದಾಗ ನಿಂಬೆವ್ವ ಹಾವು ಕಂಡವಳಂತೆ ಹಿಂದೆ ಸರಿದಳು. ಮನೆಗೆ ಬರುವ ದಾರಿಯಲ್ಲಿ ನನ್ನ ಕೈ ಹಿಡಿದುಕೊಂಡಿದ್ದಳು.

"ಬೈದು ಬಡದು ಊರ ಬಿಡಿಸಿದ್ರ ಛಲೋ ಇತ್ತ ತಂಗಿ" ಎಂದಳು.

ಔಷಧ ಶುರುವಾಯಿತು. ಸೂಜಿ ಚುಚ್ಚಿ ಚುಚ್ಚಿ ಸೊಂಟ ಗಂಟು ಕಟ್ಟಿತು. ಮಚ್ಚೆ ಮಾಯಲು ತಿಂಗಳುಗಳೇ ಬೇಕು, ಅಲ್ಲಿಯ ತನಕ ನೊಣ ಅವಳನ್ನು ಮುಟ್ಟಬಾರದು ಎಂದಳು ಮಂದಾಕಿನಿ. ಪೇಟೆಯ ಸೊಳ್ಳೆಪರದೆ ತಂದರೆ ಅದರ ಕಣ್ಣಿನೊಳಗೆ ಈ ನೊಣ ಸಲೀಸಾಗಿ ನುಸುಳಿತು. ಕೊನೆಗೆ ನನ್ನ ಗಂಡನ ಮದುವೆಯ ತೆಳು ಧೋತರಗಳನ್ನು ಹರಿದು, ನಾನೇ ಕೂತು ಕೈಹೊಲಿಗೆಯಲ್ಲಿ ಪರದೆ ಹೊಲಿದೆ. ಬೆಳಕು ಬಿಡುವ ಬಟ್ಟೆ, ಗಾಳಿ ಬಿಡದು. ಹೊತ್ತು ಮುಳುಗುವ ಮೊದಲೇ ನಿಂಬೆವ್ವ ಅದರೊಳಗೆ ಹೋಗಿ ಕೂತರೆ ಬೆಳಗಿನ ತನಕ ಬೆವರುತ್ತಾ ಇರಬೇಕು.

ಕಾಶಿಯ ಜ್ವರ ಇಳಿಯುತ್ತಾ ಬಂದಿತ್ತು. ಸಂಜೆಯಾದರೆ ನಿಂಬೆವ್ವ ಆಯಿ ಬೇಕು ಎಂದು ಹಟ ಹಿಡಿದು ಅಳುವಳು. ಅವಳನ್ನು ಪಡಸಾಲೆಯಲ್ಲಿ ಎತ್ತಿಕೊಂಡು ತಿರುಗುವಾಗ ಗೋಡೆಯ ಮೇಲೆ ಆ ನೊಣ ಕುಪ್ಪಳಿಸಿ, ನಿಂತು, ಕುಪ್ಪಳಿಸಿ ಏರುವುದು ಕಾಣುತ್ತಿತ್ತು. ಮೊದಲು ಅದನ್ನು ಒರೆಸಿ ಹಾಕುತ್ತಿದ್ದ ನಾನು ಈಗ ದೀಪ ಹಿಡಿದು ನಿಂತು ನೋಡುತ್ತಿದ್ದೆ. ಎಲ್ಲಿಂದ ಬಂದೆ, ಯಾರಲ್ಲಿ ಉಂಡು ಬಂದೆ ಎಂದು ಕೇಳುವ ಹಾಗಿದ್ದರೆ ಕೇಳುತ್ತಿದ್ದೆ. ಆಮೇಲೆ ಅಂಗೈಯಿಂದ ಹೊಡೆಯುತ್ತಿದ್ದೆ, ಬೇಕಾದ್ದಕ್ಕಿಂತ ಜೋರಾಗಿ.

ಅಷ್ಟರಲ್ಲಿ ತಂಗೆವ್ವನ ಮಗನಿಗೆ ಜ್ವರ ಬಂತು. ಅವಳಿಗಿದ್ದ ಒಬ್ಬನೇ ಗಂಡು ಮಗ. ಮಟಮಟ ಮಧ್ಯಾಹ್ನ ಅವಳು ಓಡಿ ಬಂದಾಗ ನಾನು ನಿಂಬೆವ್ವನ ಜೊತೆ ಅವಳ ಮನೆಯಲ್ಲೇ ಇದ್ದೆ. ದೂರದಿಂದಲೇ ಅವಳು ಕೂಗುತ್ತಾ ಬರುವುದು ಕೇಳಿ ನಿಂಬೆವ್ವ ಎದ್ದು ಬಾಗಿಲು ಹಾಕಿ ಅಗಳಿ ಹಾಕಿದಳು.

"ಯಕ್ಕಾ, ಬಾಗಿಲ ತಗಿ. ನನ್ನ ಕೂಸಿನ ಹಣಿ ಸುಡಾಕ ಹತ್ತೇತಿ."

"ಚಾವಡಿಗೆ ಒಯ್ಯಿ ತಂಗೆವ್ವ. ಸೂಜಿ ಮಾಡವ್ರು ಅದಾರ."

"ಒಯ್ದೀನಿ. ಸೂಜಿನೂ ಮಾಡ್ಯಾರ. ನೀ ಬಂದು ಮಗ್ಗಲಾಗ ಮಲಕೊಳ್ಳದ ಅದು ಏಳೂದಿಲ್ಲ. ನನ್ನ ದೊಡ್ಡಾಕಿನ ಉಳಿಸೀದಿ ನೀನು."

"ಸಾವಂತ್ರಿನ ಉಳಿಸಲಿಲ್ಲ" ಎಂದಳು ನಿಂಬೆವ್ವ ಬಾಗಿಲಿಗೆ ಹಣೆಯಿಟ್ಟು. "ನಿನಗ ಹೇಳೀನಲ್ಲವ್ವ ಎಲ್ಲಾ."

"ನೀ ಹೇಳಿದ್ದ ನಾ ಕಿವ್ಯಾಗ ಹಾಕ್ಕೊಂಡಿಲ್ಲ. ಹಾಕ್ಕೊಳ್ಳಾಕ ಆಗೂದಿಲ್ಲ ನನಗ." ತಂಗೆವ್ವ ಎರಡೂ ಕೈಯಿಂದ ಬಾಗಿಲು ಬಡಿದಳು. ಬೇಡಿದಳು, ಆಮೇಲೆ ಬೈದಳು, ನೀನೂ ತಾಯಾಗಿದ್ದರೆ ಗೊತ್ತಾಗುತ್ತಿತ್ತು ಎಂದಳು. ಬಂಜೆಯ ಶಾಪ ನನ್ನ ಮನೆಗೆ ತಟ್ಟಿತು ಎಂದಳು. ನಿಂಬೆವ್ವ ಅಗಳಿಯನ್ನು ಎರಡೂ ಕೈಯಿಂದ ಹಿಡಿದು ನಿಂತೇ ಇದ್ದಳು. ಹೊರಗಿನವಳು ನುಗ್ಗಿ ಬಂದಾಳು ಎಂದಲ್ಲ. ತನ್ನ ಕೈಯೇ ಅದನ್ನು ತೆಗೆದೀತು ಎಂದು. ಅವಳ ಕಣ್ಣೀರು ಬಾಗಿಲ ಹಲಗೆಯ ಮೇಲೆ ಇಳಿಯುತ್ತಿತ್ತು, ಒಂದು ಸದ್ದೂ ಹೊರಡಲಿಲ್ಲ.

ತಂಗೆವ್ವ ಹೋದ ಮೇಲೆ ಅವಳು ನನ್ನ ಕಡೆ ತಿರುಗಿದಳು. "ನೀ ಹೋಗ ತಂಗಿ. ಆಕಿ ಒಬ್ಬಾಕಿ ಅದಾಳ. ನಿನಗ ಈ ಜ್ವರ ಬಂದಿಲ್ಲ, ನೀ ಗೆದ್ದಾಕಿ ಅಲ್ಲ. ಆದ್ರ ಗಂಜಿ ಕುಡಸಾಕ ಬರತೈತಿ ನಿನಗ. ನಾ ಕುಡಿಸೂದು ನೋಡೀದಿ. ಇನ್ನೊಂದು ಪರದಿ ಹೊಲಿ. ಅದರೊಳಗ ಆ ಹುಡುಗನ ಹಾಕ್ಕೊಂಡು ಕೂಡ್ರು."

ಮುಟ್ಟಿದರೆ ಬರುವ ಜ್ವರವಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಹೆದರಿಕೆ ಆಯಿತು, ಸುಳ್ಳೇಕೆ ಹೇಳಲಿ. ಹೋದೆ. ಧೋತರ ಮುಗಿದಿದ್ದರಿಂದ ಅತ್ತೆಯ ಹಳೆಯ ಸೀರೆಯಲ್ಲಿ ಪರದೆ ಹೊಲಿದು ಒಯ್ದೆ. ತಂಗೆವ್ವ ನನ್ನನ್ನು ಒಳಗೂ ಕರೆಯಲಿಲ್ಲ, ಹೊರಗೂ ಕಳಿಸಲಿಲ್ಲ. ನನ್ನ ಮುಖದ ಮೇಲೆ ಮಚ್ಚೆಯಿಲ್ಲದ್ದನ್ನು ನೋಡಿ ನೋಡಿ ನಿಟ್ಟುಸಿರು ಬಿಡುತ್ತಿದ್ದಳು. ಸೂಜಿಯ ಬಲವೋ, ಗಂಜಿಯ ಬಲವೋ, ಹುಡುಗ ದಿನದಿಂದ ದಿನಕ್ಕೆ ಕಣ್ಣು ಬಿಟ್ಟ. ಚಳಿಗಾಲ ಕಳೆಯುವ ಹೊತ್ತಿಗೆ ರೊಟ್ಟಿಯ ಅಂಚು ಕಡಿದು ತಿಂದ. ಗೆದ್ದಾಕಿಯಿಲ್ಲದೆ ನಮ್ಮ ಓಣಿಯಲ್ಲಿ ಎದ್ದು ಕೂತ ಮೊದಲ ಮಗು ಅವನು.

ಅವನು ಎದ್ದ ಕೆಲವು ದಿನಕ್ಕೆ, ದೀಪದ ಹೊತ್ತಿನಲ್ಲಿ ನಾನು ನಿಂಬೆವ್ವನಿಗೆ ಊಟ ಕೊಡಲು ಹೋಗಿದ್ದೆ. ಅವಳು ಪರದೆಯೊಳಗೆ ಚಾಪೆಯ ಮೇಲೆ ಕೂತಿದ್ದಳು. ಬಾಗಿಲಲ್ಲಿ ತಂಗೆವ್ವ ಬಂದು ನಿಂತಳು. ಮಗನನ್ನು ತಂದಿರಲಿಲ್ಲ. ಯಾರನ್ನೂ ಕೇಳದೆ ಒಳಗೆ ಬಂದು ಪರದೆಯ ಹೊರಗೆ ನೆಲದ ಮೇಲೆ ಕೂತಳು. ಬಿಳಿ ಬಟ್ಟೆಯ ಆಚೆ ನಿಂಬೆವ್ವನ ನೆರಳು ಮಾತ್ರ ಕಾಣುತ್ತಿತ್ತು. ನಾನು ಎದ್ದು ಹೋಗಲೂ ಆಗದೆ ಕೂರಲೂ ಆಗದೆ ಒಲೆಯ ಹತ್ತಿರ ನಿಂತೆ.

"ಸಾವಂತ್ರಿಗೆ ನಿನ್ನಿಂದ ಬಂತಾ ಯಕ್ಕಾ?" ಎಂದಳು ತಂಗೆವ್ವ ಕಡೆಗೆ.

"ಗೊತ್ತಿಲ್ಲ ತಂಗೆವ್ವ" ಎಂದಿತು ಒಳಗಿನ ದನಿ. "ಗೊತ್ತಾಗೂದೂ ಇಲ್ಲಂತ."

ತಂಗೆವ್ವ ತಲೆಯಾಡಿಸಿದಳು. ಎದ್ದಳು. ಹೋಗುತ್ತಾಳೆ ಎಂದುಕೊಂಡೆ. ನಾನು ಊಟದ ತಾಟು ಒಳಗೆ ಸರಿಸುವಾಗ ಪರದೆಯ ಒಂದು ಅಂಚು ಚಾಪೆಯಿಂದ ಜಾರಿ ಸಡಿಲವಾಗಿ ಬಿದ್ದಿತ್ತು. ತಂಗೆವ್ವ ಬಗ್ಗಿ ಅದನ್ನು ಚಾಪೆಯ ಕೆಳಗೆ ಸಿಕ್ಕಿಸಿದಳು. ಆಮೇಲೆ ಮಂಡಿಯೂರಿ, ಸುತ್ತಲೂ ಮೆಲ್ಲಗೆ ಸರಿಯುತ್ತಾ, ಎಲ್ಲ ಕಡೆಯ ಅಂಚನ್ನೂ ಒಂದೊಂದಾಗಿ ಒತ್ತಿ ಒತ್ತಿ ಸಿಕ್ಕಿಸತೊಡಗಿದಳು.